ರೂತ್ ಕೇಳಿಸಿಕೊಳ್ಳದ ಮಾತು

ರೂತ್‌ಗೆ ಮೈ ಇಲ್ಲ, ಮುಖ ಇಲ್ಲ. ಇರುವುದು ಒಂದು ದನಿ, ಒಂದು ಕಿವಿ. ದನಿಯೇನೋ ಪಕ್ಕದ ಬೀದಿಯ ಹೆಂಗಸಿನ ಹಾಗೆ ತೀರಾ ಸಾದಾ. ಆದರೆ ಆ ಕಿವಿ ಇದೆಯಲ್ಲ, ಅದು ಮಹಾ ಕಿಲಾಡಿ. ಸಂಜೆ ಫೋನ್ ಮಾಡಿ, "ಈ ಸಲ ನಿಮ್ಮ ಒಲವು ಯಾವ ಕಡೆಗೆ?" ಎಂದು ಕೇಳುತ್ತಾಳೆ. ನೀವು ಹೇಳುವ ಉತ್ತರದ ಮೇಲೆ ಅವಳಿಗೆ ಅಷ್ಟೇನೂ ನಂಬಿಕೆಯಿಲ್ಲ. ಉತ್ತರ ಕೊಡುವ ಮುಂಚೆ ಎಷ್ಟು ತಡೆದಿರಿ, ಉಸಿರನ್ನು ಎಲ್ಲಿ ಎಳೆದುಕೊಂಡಿರಿ, ಕೊನೆಯ ಪದಕ್ಕೆ ಬರುವಾಗ ದನಿ ಕುಗ್ಗಿತೋ ಗಟ್ಟಿಯಾಯಿತೋ, ಇವನ್ನೆಲ್ಲ ಅಳೆಯುತ್ತಾಳೆ.

ಅಮೆರಿಕದ ಮತದಾರನನ್ನು ಅರ್ಥಮಾಡಿಕೊಳ್ಳಲು ಹೋಗಿ ಎಷ್ಟೋ ಪಂಡಿತರು ತಲೆಗೂದಲು ಕಳೆದುಕೊಂಡಿದ್ದಾರೆ. ಆ ಮಹಾರಾಯ ಸಮೀಕ್ಷೆಯವರಿಗೆ ಒಂದು ಹೇಳುತ್ತಾನೆ, ಹೆಂಡತಿಗೆ ಇನ್ನೊಂದು ಹೇಳುತ್ತಾನೆ. ಮತಗಟ್ಟೆಯ ಕಡೆ ಮುಖವನ್ನೇ ಹಾಕದೆ "ಓಹೋ, ಹಾಕಿ ಬಂದೆ" ಎನ್ನುತ್ತಾನೆ. ರೂತ್ ಈ ರಗಳೆಯನ್ನೆಲ್ಲ ಮುಗಿಸಿದಳು. ಲಕ್ಷಾಂತರ ಫೋನ್ ಮಾತುಗಳನ್ನು ಕೇಳಿ, ಆಮೇಲೆ ಬಂದ ಫಲಿತಾಂಶಗಳ ಜೊತೆ ಹೋಲಿಸಿ, ಯಾವ ಬಗೆಯ ತಡವರಿಕೆಗೆ ಏನರ್ಥ ಎಂದು ಕಲಿತಳು. ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಜಿಲ್ಲೆಯಲ್ಲಿ, ಸಾವಿರ ಜನರನ್ನು ಮಾತಾಡಿಸಿದರೆ ಸಾಕು, ಇಡೀ ಕೌಂಟಿ ಏನು ಮಾಡುತ್ತದೆ ಎಂದು ಹೇಳುತ್ತಿದ್ದಳು. ಹೇಳಿದ್ದೇ ಆಗುತ್ತಿತ್ತು.

ನಾನು ಪ್ರಫುಲ್ಲಾ ಹೊಸಮನಿ. ಗದಗಿನವಳು, ಸಂಖ್ಯಾಶಾಸ್ತ್ರ ನನ್ನ ಕಸುಬು. ರೂತ್ ಎಂಬ ಈ ಯಂತ್ರವನ್ನು ಸಾಕುವ ಸಂಶೋಧನಾ ಕೇಂದ್ರದಲ್ಲಿ ಅವಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಅವಳನ್ನು ಕಂಡರೆ ನನಗೆ ಹೆಮ್ಮೆ ಇತ್ತು. ಸುಳ್ಳು ಯಾಕೆ ಹೇಳಲಿ.

ಹೀಗೆ ಹೇಳಿದ್ದೇ ಆಗುತ್ತದೆ ಎಂದ ಮೇಲೆ ಚುನಾವಣೆ ಯಾಕೆ ನಡೆಸಬೇಕು ಎಂದು ಯಾರಾದರೂ ಕೇಳಲೇಬೇಕಲ್ಲ. ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ನಾನೀಗಿರುವ ರಾಜ್ಯದ ಶಾಸಕರು ಕೇಳಿಯೇಬಿಟ್ಟರು. ಹುಟ್ಟಿತು ಮುನ್ಮತ ಕಾಯ್ದೆ. ಪ್ರಯೋಗಕ್ಕೆಂದು ನಾಲ್ಕು ಕೌಂಟಿಗಳು, ಅದರಲ್ಲಿ ನಮ್ಮದೂ ಒಂದು. ಊರಮಟ್ಟದ ಪ್ರಶ್ನೆಗಳಿಗೆ ಮಾತ್ರ. ರೂತ್ ಹೇಳಿದ ಗೆಲುವಿನ ಅಂತರ ನೂರಕ್ಕೆ ಎಂಟನ್ನು ದಾಟಿದರೆ ಮತಗಟ್ಟೆ ತೆರೆಯುವುದಿಲ್ಲ, ಅವಳ ಮುನ್ನೋಟವೇ ತೀರ್ಪು. ಎಂಟರೊಳಗಿದ್ದರೆ ಹಳೆಯ ಪದ್ಧತಿಯಂತೆ ಜನ ಹೋಗಿ ಮತ ಹಾಕಬೇಕು.

ಮೊದಮೊದಲು ಜನಕ್ಕೆ ಖುಷಿಯೋ ಖುಷಿ. ಅಂಚೆಪೆಟ್ಟಿಗೆಯಲ್ಲಿ ಪ್ರಚಾರದ ಕಾಗದಗಳ ರಾಶಿಯಿಲ್ಲ. ಹುಲ್ಲುಹಾಸಿನ ಮೇಲೆ ಅವರೊಂದು ಹೆಸರಿನ ಫಲಕ, ಇವರೊಂದು ಹೆಸರಿನ ಫಲಕ ನೆಟ್ಟು ನೆರೆಹೊರೆಯವರು ವರ್ಷಗಟ್ಟಲೆ ಮಾತು ಬಿಡುವ ಜಗಳವಿಲ್ಲ. ಆಮೇಲೆ ಒಂದೊಂದೇ ಕೊರತೆ ಕಾಣತೊಡಗಿತು. ಉಮೇದುವಾರರು ಬಾಗಿಲು ತಟ್ಟುವುದನ್ನು ಬಿಟ್ಟರು. ರೂತ್ ಹೇಗೂ ಹೇಳುತ್ತಾಳೆ, ಸುಮ್ಮನೆ ಯಾಕೆ ಬೂಟು ಸವೆಸಬೇಕು? ಮತದಾನದ ದಿನ ಮತಗಟ್ಟೆಯಾಗುತ್ತಿದ್ದ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ನಡೆಸುತ್ತಿದ್ದ ಊಟ ನಿಂತುಹೋಯಿತು. ಅಲ್ಲಿಯ ಕುಂಬಳಕಾಯಿ ಪೈ ಎಂಬ ಸಿಹಿತಿಂಡಿಗಾಗಿಯೇ ಮತ ಹಾಕಲು ಬರುವವರಿದ್ದರು. ಹದಿನೆಂಟು ತುಂಬಿದ ಹುಡುಗಿಯೊಬ್ಬಳು ನಮ್ಮ ಕಚೇರಿಗೆ ಬಂದು, "ನನ್ನ ಸರದಿ ಯಾವಾಗ?" ಎಂದು ಕೇಳಿದಳು. ಹಾರ್ಡ್‌ವೇರ್ ಅಂಗಡಿಯ ಮುದುಕನಂತೂ ಮತಗಟ್ಟೆಯಲ್ಲಿ ಹಿಂದೆ ಕೊಡುತ್ತಿದ್ದ, "ನಾನು ಮತ ಹಾಕಿದೆ" ಎಂದು ಬರೆದ ಹಳೆಯ ಸ್ಟಿಕ್ಕರನ್ನು ಟೋಪಿಗೆ ಅಂಟಿಸಿಕೊಂಡು ತಿರುಗತೊಡಗಿದ. ಜನ ನಕ್ಕರು, ನಾನೂ ನಕ್ಕೆ.

ನನ್ನ ನಗು ನಿಂತದ್ದು ಆಂಬುಲೆನ್ಸಿನ ಪ್ರಶ್ನೆ ಬಂದಾಗ.

ನಮ್ಮೂರಿನ ಆಂಬುಲೆನ್ಸ್ ನಡೆಯುವುದು ಮನೆತೆರಿಗೆಯ ಮೇಲಿನ ಒಂದು ಸಣ್ಣ ಹೆಚ್ಚುವರಿಯಿಂದ. ಅದರ ಅವಧಿ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಜನ ಹೇಳಬೇಕು. ಬೇಡ ಎಂದರೆ ಆಂಬುಲೆನ್ಸ್ ನದಿಯಾಚೆಯ ಸಿಟಿಯಿಂದ ಬರಬೇಕು. ಹಿಮ ಬಿದ್ದ ದಿನ ಮುಕ್ಕಾಲು ಗಂಟೆಯಾದರೂ ಬೇಕು.

ಹಿಂದಿನ ವರ್ಷ ನನ್ನ ಗಂಡ ವೀರೇಶ ಪಾತ್ರೆ ತೊಳೆಯುತ್ತಿದ್ದವನು ಸದ್ದಿಲ್ಲದೆ ಕುಸಿದು ಬಿದ್ದಿದ್ದ. ಎದೆಬಡಿತ ನಿಂತಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕುವ ಮೊದಲೇ ನಮ್ಮೂರಿನ ಆಂಬುಲೆನ್ಸ್ ಬಾಗಿಲಲ್ಲಿತ್ತು. ಅಡುಗೆಮನೆಯ ನೆಲದ ಮೇಲೇ ಅವನ ಎದೆಗೆ ವಿದ್ಯುತ್ ಕೊಟ್ಟು ಎಬ್ಬಿಸಿದರು. ಮತ್ತೆ ಹಾಗಾಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮುಕ್ಕಾಲು ಗಂಟೆ ಎಂದರೆ ನಮ್ಮ ಪಾಲಿಗೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಶನಿವಾರ ಮಧ್ಯಾಹ್ನ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಲೆಕ್ಕ ಪರದೆಯ ಮೇಲೆ ಬಂತು. ನೂರಕ್ಕೆ ಬೇಕು ಎನ್ನುವವರು ನಲವತ್ತನಾಲ್ಕು, ಬೇಡ ಎನ್ನುವವರು ಐವತ್ತೈದು, ಎತ್ತಲೂ ಸೇರದವರು ಒಂದು. ಹನ್ನೊಂದರ ಅಂತರ. ಮತಗಟ್ಟೆ ತೆರೆಯುವುದೇ ಇಲ್ಲ. ಸೋಮವಾರ ಮಧ್ಯಾಹ್ನ ಘೋಷಣೆ, ಅಲ್ಲಿಗೆ ಮುಗಿಯಿತು.

ಬೇರೆ ಬೇರೆ ಗುಂಪಿನ ಜನರಿಗೆ ಲೆಕ್ಕದಲ್ಲಿ ಎಷ್ಟೆಷ್ಟು ತೂಕ ಕೊಡಬೇಕೆಂದು ನಿರ್ಧರಿಸುವವಳು ನಾನೇ. ಒಂದು ಗುಂಪಿನ ತೂಕವನ್ನು ತುಸು ಆಚೀಚೆ ಮಾಡಿದ್ದರೆ ಹನ್ನೊಂದು ಏಳಾಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಗಂಡ ಬೇಕು, ಆದರೆ ಸುಳ್ಳು ಲೆಕ್ಕದ ಮೇಲೆ ಅವನನ್ನು ಉಳಿಸಿಕೊಂಡು ಅವನ ಮುಖವನ್ನು ಹೇಗೆ ನೋಡಲಿ? ಎದ್ದು ಮನೆಗೆ ಬಂದೆ.

ವೀರೇಶ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ರಜೆಯ ದಿನ ಹಿತ್ತಲಲ್ಲಿ ಮಣ್ಣು ಕೆದಕುತ್ತಾನೆ. ಅವತ್ತು ಕೊನೆಯ ಬದನೆಕಾಯಿಗಳನ್ನು ಕಿತ್ತು ತಂದು ಟೇಬಲ್ಲಿನ ಮೇಲೆ ಹರವಿಕೊಂಡಿದ್ದ.

"ಎಷ್ಟು ಬಂತು?" ಎಂದ.

"ಹೇಳೂ ಹಂಗಿಲ್ಲ. ಕಾಯ್ದೆ ಐತಿ."

"ಬಿಡ, ನಿನ್ನ ಮಾರೀನ ಹೇಳಾಕತ್ತೈತಿ." ಒಂದು ಬದನೆಕಾಯಿಯನ್ನು ಒರೆಸಿಟ್ಟ. "ಅಲ್ಲ ಪ್ರಫುಲ್ಲಾ, ಹ್ವಾದ ವರ್ಷನ ಹೋಗಬೇಕಾದಾಂವ ನಾನು. ಈಗಿಂದೆಲ್ಲಾ ಪುಕ್ಕಟೆ ಬಂದದ್ದು ಅನ್ಕೊ."

"ಬಿಡ್ತು ಅನ್ನು!" ಎಂದು ಕಿರುಚಿಬಿಟ್ಟೆ. "ಅನ್ನು ಮೊದಲ!"

"ಬಿಡ್ತು, ಬಿಡ್ತು. ಎಣ್ಣಿಗಾಯಿ ಮಾಡು. ಹೊಟ್ಟಿ ಹಸ್ದೈತಿ."

ಸಿಟ್ಟಿಗೋ ಅಳುವಿಗೋ ಕಣ್ಣು ಉರಿಯುತ್ತಿತ್ತು. ಬದನೆಕಾಯಿ ಸೀಳಿ, ಮಸಾಲೆ ತುಂಬಿ, ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

ಪಕ್ಕದ ಮನೆಯ ವರ್ನಾ ಕೂಪ್‌ಮನ್ ಬಂದಿದ್ದಳು. ಎಪ್ಪತ್ತು ದಾಟಿದ ವಿಧವೆ, ಗಂಡನ ಪಿಂಚಣಿಯಲ್ಲಿ ಬದುಕುವವಳು. ನಾನು ಹಿಂದಿನ ವಾರ ಚಿತ್ರಾನ್ನ ಕಳಿಸಿದ್ದ ಬೋಗುಣಿಯನ್ನು ವಾಪಸು ತಂದಿದ್ದಳು. ಬರಿ ಬೋಗುಣಿ ಕೊಡುವ ಪದ್ಧತಿ ಅವರಲ್ಲೂ ಇಲ್ಲ, ತುಂಬ ಸೇಬು ಇಟ್ಟಿದ್ದಳು. ಒಳಗೆ ಕೂತು ಕಾಫಿ ಕುಡಿಯುತ್ತ ಗೊಣಗಿದಳು. ಚಳಿ ಬಂತು, ಮಂಡಿ ನೋವು, ತೆರಿಗೆ.

"ನಿಮ್ಮ ರೂತ್ ನನಗೂ ಫೋನ್ ಮಾಡಿದ್ದಳು ಕಣೆ. ಆಂಬುಲೆನ್ಸ್ ತೆರಿಗೆಗೆ ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಹೀಗೇ ಕೊಡ್ತಾ ಹೋದರೆ ನಾನು ಮನೆ ಮಾರಬೇಕಷ್ಟೆ. ನೀನು ಬೇಜಾರು ಮಾಡ್ಕೋಬೇಡ."

ಬೇಜಾರಾಗದೆ ಏನು? ಆದರೂ ನಕ್ಕೆ. ಅವಳ ಕಷ್ಟವೂ ಸುಳ್ಳಲ್ಲವಲ್ಲ.

ಕಾಫಿ ಮುಗಿಯಿತು. ವರ್ನಾ ಎರಡೂ ಅಂಗೈಗಳಿಂದ ತೊಡೆ ತಟ್ಟಿ, "ಸರಿ ಹಾಗಾದರೆ, ಹೊರಡ್ತೀನಿ" ಎಂದು ಎದ್ದಳು. ಈ ಸೀಮೆಯಲ್ಲಿ ಹಾಗೆ ತೊಡೆ ತಟ್ಟುವುದೆಂದರೆ ಹೊರಡುವ ಪೀಠಿಕೆ ಮಾತ್ರ. ಬಾಗಿಲ ತನಕ ಹೋದಳು. ಹಿಡಿಕೆಯ ಮೇಲೆ ಕೈಯಿಟ್ಟಳು. ಅಲ್ಲೇ ನಿಂತಳು. ತಂಗಿಯ ಮಗನಿಗೆ ಕೆಲಸ ಸಿಕ್ಕಿದ್ದು ಬಂತು, ಜಗುಲಿಯ ದೀಪ ಕೆಟ್ಟದ್ದು ಬಂತು. ಒಳಗೆ ಎಣ್ಣೆಗಾಯಿ ಬೇಯುತ್ತಿತ್ತು. ಹೋಗೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ವರ್ನಾ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಹೇಳಿದಳು.

"ಅಂದ ಹಾಗೆ, ಹೋದ ವರ್ಷ ನಿಮ್ಮ ಮನೆ ಮುಂದೆ ಆ ಕೆಂಪು ದೀಪ ಸುತ್ತುತ್ತಾ ಇತ್ತಲ್ಲ, ನಾನು ಕಿಟಕೀಲಿ ನಿಂತು ನೋಡ್ತಿದ್ದೆ. ನಮ್ಮ ಯಜಮಾನರ ಕಾಲಕ್ಕೆ ಆಂಬುಲೆನ್ಸೇ ಇರಲಿಲ್ಲ ಇಲ್ಲಿ. ಬೇಡ ಅಂತ ಬರೆಯೋಕೆ ನನಗೆ ಕೈ ಬರುತ್ತೋ ಇಲ್ಲವೋ ಗೊತ್ತಿಲ್ಲ. ಪೆನ್ನು ಕೈಗೆ ಬಂದಾಗ ನೋಡಬೇಕು."

"ಇದನ್ನ ರೂತ್‌ಗೆ ಹೇಳಿದಿರಾ?"

"ಹೇಳಿದೆನಲ್ಲ! ಫೋನ್ ಇಡೋ ಹೊತ್ತಿಗೆ ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಯಂತ್ರ ಪಾಪ, ನಾಲ್ಕು ಜನರ ಮಧ್ಯೆ ಬೆಳೆದದ್ದಲ್ಲ."

"ಪ್ರಫುಲ್ಲಾ, ತಳಾ ಹತ್ತಾಕತ್ತೈತಿ!" ಒಳಗಿನಿಂದ ವೀರೇಶ ಕೂಗಿದ. ನಾನು ಅಲ್ಲಾಡಲಿಲ್ಲ. ಬಾಗಿಲಿಗೆ ಆನಿಕೊಂಡು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ನಮ್ಮ ಗದಗಿನ ಮನೆಯದೂ ಇದೇ ಕಥೆಯಲ್ಲವೇ! ಒಳಗೆ ಕೂತು ಆಡುವುದೆಲ್ಲ ಮಳೆ, ಬೆಳೆ, ಆರಾಮ ಇದ್ದೀರಾ. ಮಗಳಿಗೆ ಗಂಡನ ಮನೆಯಲ್ಲಿ ಕಷ್ಟ, ಅಣ್ಣತಮ್ಮಂದಿರು ಬೇರೆಯಾಗುವ ಮಾತು, ಡಾಕ್ಟರು ಹೇಳಿದ ಕೆಟ್ಟ ಸುದ್ದಿ, ಇವೆಲ್ಲ ಹೊರಬರುವುದು ಕುಂಕುಮ ಹಚ್ಚಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಗೇಟಿನ ಚಿಲಕದ ಮೇಲೆ ಕೈಯಿಟ್ಟ ಮೇಲೆ. ನಮ್ಮಜ್ಜಿ ಗೇಟಿನ ಹತ್ತಿರ ನಿಂತೇ ಎರಡು ಮದುವೆ ಕುದುರಿಸಿದ್ದಳು. ಹೊರಟು ನಿಂತವರಿಗೆ ಧೈರ್ಯ ಬರುತ್ತದೆ. ಹೇಳಿ ನಡೆದುಬಿಡಬಹುದು, ಎದುರಿನವರ ಮುಖ ನೋಡಬೇಕಿಲ್ಲ.

ರೂತ್‌ಗೆ ಇದು ಗೊತ್ತಿರಲಿಲ್ಲ. ಅವಳು ಕಲಿತದ್ದು ದೊಡ್ಡ ನಗರಗಳ ಫೋನುಗಳಲ್ಲಿ. ಅಲ್ಲಿ "ಸರಿ, ಇಡ್ತೀನಿ" ಎಂದರೆ ಇಟ್ಟೇಬಿಡುತ್ತಾರೆ. ಹಾಗಾಗಿ ಹೊರಡುವ ಮಾತು ಕೇಳಿದ ಕೂಡಲೇ ಅವಳ ಕಿವಿ ಮುಚ್ಚುವಂತೆ ಅವಳನ್ನು ಕಟ್ಟಿದವರು ಮಾಡಿದ್ದರು. ಉಳಿದದ್ದು ಬರಿ ಗದ್ದಲ ಎಂದು ಅವರ ಎಣಿಕೆ. ಧ್ವನಿಮುದ್ರಣ ಮಾತ್ರ ಕಾಯ್ದೆಯ ಪ್ರಕಾರ ಫೋನ್ ಇಡುವ ತನಕ ನಡೆಯುತ್ತಿತ್ತು. ಕೇಳುವವರಿಲ್ಲದ ಆ ಬಾಲದ ತುಣುಕುಗಳೆಲ್ಲ ನಮ್ಮ ಕೇಂದ್ರದ ಉಗ್ರಾಣದಲ್ಲಿ ಬಿದ್ದಿದ್ದವು.

ಎಣ್ಣೆಗಾಯಿ ಇದ್ದಲಾಗಿತ್ತು. ಅವತ್ತು ಊಟಕ್ಕೆ ಮೊಸರನ್ನ ಉಂಡೆವು.

ಭಾನುವಾರ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥೆ ರೋಸಲಿನ್ ಬ್ಯಾಕ್ಸ್‌ಟರ್‌ಳನ್ನು ಕರೆಸಿದೆ. ನ್ಯೂಯಾರ್ಕಿನವಳು, ಮಾತು ಖಡಕ್. ಮಾತು ಮುಗಿದರೆ ಬೆನ್ನು ತಿರುಗಿಸುವ ಪೈಕಿ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಳು.

"ಪ್ರಫುಲ್ಲಾ, ನಿನ್ನ ಗಂಡನ ವಿಷಯ ನನಗೆ ಗೊತ್ತು."

"ಗೊತ್ತಿರಲಿ. ಅದಕ್ಕೇ ನಾನು ಕೀಲಿಮಣೆ ಮುಟ್ಟೋದಿಲ್ಲ, ನೀವೇ ಕೂತು ಮಾಡಿ. ಬರೀ ನಮ್ಮ ಕೌಂಟಿ ಅಲ್ಲ, ನಾಲ್ಕೂ ಕೌಂಟಿಯ ಬಾಲಗಳನ್ನ ರೂತ್‌ಗೆ ಕೇಳಿಸಿ. ನನಗೆ ಬೇಕಾದ ಹಾಗೆ ಬಂದರೂ ಸರಿ, ಬಾರದಿದ್ದರೂ ಸರಿ."

"ಹನ್ನೊಂದು ಇದ್ದದ್ದು ಇಪ್ಪತ್ತಾದರೆ?"

"ಆದರೆ ಆಯಿತು" ಎಂದೆ.

ಮೊದಲು ಕೆಲವು ತುಣುಕುಗಳನ್ನು ನಾವೇ ಕೇಳಿದೆವು. ಆಹಾ, ಏನು ಜನ! "ಬೇಡವೇ ಬೇಡ" ಎಂದು ಗುಡುಗಿದ್ದ ರೈತನೊಬ್ಬ, ಸರಿ ಇಡ್ತೀನಿ ಎಂದ ಮೇಲೆ ತನ್ನ ಹಸು ಈದದ್ದು, ಮಗಳು ಪಾಸಾದದ್ದು ಎಲ್ಲ ಹೇಳಿ, "ಆದರೂ ಆ ಆಂಬುಲೆನ್ಸ್ ಹುಡುಗರು ಒಳ್ಳೆಯವರು, ನೋಡೋಣ" ಎಂದಿದ್ದ. ಉಲ್ಟಾ ಹೊಡೆದವರೂ ಇದ್ದರು. "ಖಂಡಿತ ಬೇಕು" ಎಂದಿದ್ದ ಹೆಂಗಸು ಕೊನೆಗೆ ದನಿ ತಗ್ಗಿಸಿ, "ನಮ್ಮ ಮನೆಯವರು ಬೈತಾರೆ, ಏನು ಮಾಡ್ತೀನೋ" ಎಂದಿದ್ದಳು. ಒಬ್ಬ ಮುದುಕನಂತೂ ನಾಲ್ಕು ಸಲ ವಿದಾಯ ಹೇಳಿ, ನಾಲ್ಕು ಸಲವೂ ಮಾತು ಮುಂದುವರಿಸಿ, ಕೊನೆಗೆ "ನಿನ್ನ ಜೊತೆ ಮಾತಾಡಿ ಸಮಾಧಾನ ಆಯಿತಮ್ಮ" ಎಂದು ಇಟ್ಟಿದ್ದ. ಅಷ್ಟು ಹೊತ್ತೂ ಅವನು ಮಾತಾಡಿದ್ದು ಮುಚ್ಚಿದ ಕಿವಿಗೆ. ರೋಸಲಿನ್ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಖಡಕ್ ಹೆಂಗಸು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ರೂತ್ ಎಲ್ಲ ಬಾಲಗಳನ್ನೂ ಕೇಳಿ ಮುಗಿಸಿದಳು. ಪಕ್ಕದ ಒಂದು ಕೌಂಟಿಯಲ್ಲಿ ಗ್ರಂಥಾಲಯದ ತೆರಿಗೆ ಗೆಲ್ಲುತ್ತದೆಂದು ಹೇಳಿದ್ದಳು, ಅಲ್ಲೂ ಅಂತರ ಕರಗಿತು. ನಮ್ಮ ಹನ್ನೊಂದು ಐದಕ್ಕೆ ಇಳಿಯಿತು. ಬೇಡ ಎನ್ನುವವರೇ ಇನ್ನೂ ಮುಂದಿದ್ದರು. ಆದರೆ ಐದು ಎಂಟಕ್ಕಿಂತ ಕಡಿಮೆ. ಮತಗಟ್ಟೆ ತೆರೆಯಲೇಬೇಕು.

"ಗೆಲ್ಲೋದು ಅನುಮಾನವೇ" ಎಂದಳು ರೋಸಲಿನ್.

"ಇರಲಿ. ಬಾಗಿಲು ತೆರೀತಲ್ಲ" ಎಂದೆ.

ಸೋಮವಾರ ಮಧ್ಯಾಹ್ನ ಘೋಷಣೆಯಾಯಿತು. ಊರೆಲ್ಲ ಒಂದೇ ಗಡಿಬಿಡಿ. ಚರ್ಚಿನ ನೆಲಮಾಳಿಗೆಯ ಕೀಲಿ ಯಾರ ಬಳಿ ಇದೆ ಎಂದು ಹುಡುಕಿದ್ದೇ ಹುಡುಕಿದ್ದು. ಮಂಗಳವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಸಾಲು ರಸ್ತೆಯ ತನಕ ಬಂದಿತ್ತು. ಒಳಗಿನಿಂದ ಕೋಳಿಸಾರಿನ ವಾಸನೆ. ಹಾರ್ಡ್‌ವೇರ್ ಅಂಗಡಿಯ ಮುದುಕ ಟೋಪಿಯ ಹಳೆಯ ಸ್ಟಿಕ್ಕರ್ ಕಿತ್ತುಹಾಕಿ ಹೊಸದಕ್ಕಾಗಿ ಕಾದು ನಿಂತಿದ್ದ. "ನನ್ನ ಸರದಿ ಯಾವಾಗ?" ಎಂದಿದ್ದ ಹುಡುಗಿ ಸಾಲಿನ ಎಲ್ಲರಿಗಿಂತ ಮುಂದಿದ್ದಳು. ಸಾಲಿನಲ್ಲಿ ನಿಂತ ವೀರೇಶನನ್ನು ಕಂಡು, "ಹೇಗಿದೆ ಮೇಷ್ಟ್ರೇ ಎದೆ?" ಎಂದು ಹೋಗುವವರು ಬರುವವರೆಲ್ಲ ಕೇಳಿದರು. ಆಂಬುಲೆನ್ಸಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ.

"ನನ್ನ ಏನರ ಪ್ರದರ್ಶನಕ್ಕಿಟ್ಟಿಯೇನು ಇಲ್ಲೆ?" ಎಂದು ಅವನು ನನ್ನ ಕಿವಿಯಲ್ಲಿ ಗೊಣಗಿದ.

"ಸುಮ್ನ ನಿಂದ್ರು. ಪೈ ಕೊಡಸ್ತೀನಿ."

ಸಂಜೆ ಅಗ್ನಿಶಾಮಕ ಠಾಣೆಯ ಗೋಡೆಗೆ ಫಲಿತಾಂಶ ಹಚ್ಚಿದರು. ಮುಂದೆ ಹೋಗಿ ಓದುವ ಧೈರ್ಯ ನನಗಿರಲಿಲ್ಲ, ವೀರೇಶನೇ ಹೋದ. ಓದಿ, ತಿರುಗಿ, ಗುಂಪಿನ ತಲೆಗಳ ಮೇಲಿನಿಂದ ನನ್ನನ್ನು ಹುಡುಕಿ, ಕೈಯೆತ್ತಿ ಹೆಬ್ಬೆರಳು ತೋರಿಸಿದ. ಗೆದ್ದಿತ್ತು! ಕೂದಲೆಳೆಯಷ್ಟರಲ್ಲಿ ಗೆದ್ದಿತ್ತು.

ಅಲ್ಲಿಗೆ ರೂತ್ ಒಂದೇ ವಾರದಲ್ಲಿ ಎರಡು ಸಲ ತಪ್ಪಿದ್ದಳು. ಬಾಲ ಕೇಳಿಸಿಕೊಂಡ ಮೇಲೂ ತಪ್ಪಿದ್ದಳು. ನಾನು ಅಷ್ಟು ಹೆಮ್ಮೆಯಿಂದ ನೋಡಿಕೊಂಡ ಯಂತ್ರ ಸೋತಿತ್ತು, ನನಗೋ ಹೋದ ಜೀವ ಬಂದಂತಾಗಿತ್ತು. ಬೀದಿಯ ಮಧ್ಯೆ ನಿಂತು ಗೊಳೋ ಎಂದು ಅತ್ತೆ. ವೀರೇಶ ಕರವಸ್ತ್ರ ಕೊಟ್ಟ. ಅದರಲ್ಲಿ ಹಿತ್ತಲ ಮಣ್ಣಿತ್ತು, ಹಾಗೇ ಮುಖ ಒರೆಸಿಕೊಂಡೆ.

ಜನ ಎಲ್ಲಿ ಮನಸ್ಸು ಬದಲಿಸಿದರು? ಸಾಲಿನಲ್ಲೋ, ಪೈ ತಿನ್ನುವಾಗಲೋ, ಪರದೆಯ ಹಿಂದೆ ಪೆನ್ನು ಹಿಡಿದಾಗಲೋ? ರೋಸಲಿನ್ ತನ್ನ ವರದಿಯಲ್ಲಿ ಬರೆದದ್ದು ಇಷ್ಟೆ: ನಮಗೆ ತಿಳಿಯದು, ತಿಳಿಯುವ ತನಕ ಬಾಗಿಲು ಮುಚ್ಚಬಾರದು. ಮುನ್ಮತ ಕಾಯ್ದೆಯನ್ನು ತಡೆಹಿಡಿದರು. ರೂತ್ ಈಗಲೂ ಫೋನ್ ಮಾಡುತ್ತಾಳೆ, ಸಂಶೋಧನೆಗೆ ಮಾತ್ರ. ವಿದಾಯ ಹೇಳಿದ ಮೇಲೂ ಸುಮ್ಮನೆ ಕಾಯುವುದನ್ನು, ನಡುನಡುವೆ ಹೂಂಗುಡುವುದನ್ನು ಅವಳಿಗೆ ಕಲಿಸಿದ್ದೇವೆ. ಫೋನಿನ ಖರ್ಚು ಏರಿದೆ ಎಂದು ಕೇಂದ್ರದವರು ಗೊಣಗುತ್ತಾರೆ. ಗೊಣಗಿಕೊಳ್ಳಲಿ.

ಮುಂದಿನ ಶನಿವಾರ ವರ್ನಾ ಮತ್ತೆ ಬಂದಳು. ಕಾಫಿ ಕುಡಿದಳು, ಚಳಿ ಎಂದಳು, ತೆರಿಗೆ ಎಂದಳು. ಮತದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ತೊಡೆ ತಟ್ಟಿ ಎದ್ದಳು. ಬಾಗಿಲ ತನಕ ನಡೆದಳು, ಹಿಡಿಕೆಯ ಮೇಲೆ ಕೈಯಿಟ್ಟಳು. ನಾನು ಬಾಗಿಲಿಗೆ ಆನಿಕೊಂಡು ನಿಂತೆ. ವೀರೇಶನೂ ಬಂದು ನನ್ನ ಹಿಂದೆ ನಿಂತ.

"ಅಂದ ಹಾಗೆ," ಎಂದಳು ವರ್ನಾ, "ಆ ಪೆನ್ನು ಹಿಡ್ಕೊಂಡು ಬಹಳ ಹೊತ್ತು ನಿಂತಿದ್ದೆ ಕಣೆ. ಹಿಂದಿದ್ದವರು ಕೆಮ್ಮೋಕೆ ಶುರು ಮಾಡಿದರು."

ಅಷ್ಟರಲ್ಲಿ ದೂರದಲ್ಲಿ ಸೈರನ್ ಕೇಳಿಸಿತು. ನಮ್ಮೂರಿನ ಆಂಬುಲೆನ್ಸ್ ಬೀದಿಯ ಆ ತುದಿಯಲ್ಲಿ ತಿರುಗಿ, ನಮ್ಮ ಮೂವರ ಮುಖದ ಮೇಲೆ ಕೆಂಪು ಬೆಳಕು ಹಾಯಿಸಿ, ಮುಂದೆ ಹೋಯಿತು.

"ಪಾಪ, ಯಾರ ಮನಿಗೋ ಏನೋ" ಎಂದ ವೀರೇಶ. ಅವನ ಕೈ ನನ್ನ ಹೆಗಲ ಮೇಲೆ ಬೆಚ್ಚಗಿತ್ತು.

ವರ್ನಾ ಅದು ಹೋದ ದಾರಿಯನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಜಗುಲಿಯ ದೀಪ ಇನ್ನೂ ರಿಪೇರಿಯಾಗದ ಕಥೆ ಶುರು ಮಾಡಿದಳು. ಹೇಳಲಿ, ಎಷ್ಟು ಹೊತ್ತಾದರೂ ಹೇಳಲಿ. ಈ ಸಲ ಒಲೆ ಆರಿಸಿಯೇ ಬಂದಿದ್ದೆ.